ಜಪಾನಿನ ರಾಮೆನ್ ಅಂಗಡಿಗೆ ಹೋಗುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನ್ ಪ್ರವಾಸಕ್ಕೆ ಹೊರಟ ನಮ್ಮವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಊಟದ ಬಗ್ಗೆಯೇ ಇರುತ್ತವೆ. ಅದರಲ್ಲೂ ರಾಮೆನ್, ಅಂದ್ರೆ ಬಿಸಿ ಸೂಪಿನಲ್ಲಿ ಕೊಡುವ ನೂಡಲ್ಸ್ ಬಗ್ಗೆ ಜಾಸ್ತಿ. ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಟೋಕಿಯೊದವು, ಯಾಕಂದ್ರೆ ಸಸ್ಯಾಹಾರಿಗಳಿಗೆ ಅಲ್ಲಿ ಆಯ್ಕೆ ಚೆನ್ನಾಗಿದೆ.

ನಾನು ಸಸ್ಯಾಹಾರಿ. ಮೇಲಿರುವ ಮಾಂಸ ತೆಗೆದು ಕೊಡಿ ಅಂದ್ರೆ ಸಾಕಲ್ವಾ?

ಸಾಕಾಗಲ್ಲ. ಈ ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಮೇಲಿನ ಹಂದಿ ತುಂಡನ್ನು ಎತ್ತಿಟ್ಟರೂ ಕೆಳಗಿನ ಸೂಪು ಹಂದಿ ಮೂಳೆಯದ್ದೋ, ಕೋಳಿಯದ್ದೋ, ಒಣಮೀನಿನದ್ದೋ ಆಗಿರುತ್ತದೆ. ಅದನ್ನು ದೊಡ್ಡ ಹಂಡೆಯಲ್ಲಿ ಗಂಟೆಗಟ್ಟಲೆ ಕುದಿಸಿ ಇಟ್ಟಿರುತ್ತಾರೆ. ಅಂಗಡಿಯ ಜೀವಾಳವೇ ಆ ಹಂಡೆ. ನೀವು ಹೋಗಿ ಕೇಳಿದ ಮೇಲೆ ಬೇರೆ ಸೂಪು ಮಾಡಿಕೊಡಲು ಅವರ ಕೈಯಲ್ಲಿ ಆಗುವುದಿಲ್ಲ. ಎಂಟು ಜನ ಕೂರುವ ಜಾಗದಲ್ಲಿ ಒಬ್ಬರೋ ಇಬ್ಬರೋ ಕೆಲಸ ಮಾಡುತ್ತಿರುತ್ತಾರೆ, ಹೊರಗೆ ಸಾಲು ನಿಂತಿರುತ್ತದೆ.

ಇನ್ನೊಂದು ತೊಡಕೂ ಇದೆ. "ಮಾಂಸ ಇದೆಯಾ?" ಅಂತ ಕೇಳಿದರೆ "ಇಲ್ಲ" ಅನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ, ಬಟ್ಟಲಲ್ಲಿ ಮಾಂಸದ ತುಂಡು ಇಲ್ಲ ಅಂತ ಹೇಳುತ್ತಿದ್ದಾರೆ. ಸೂಪಿನ ಮೀನು, ಮೂಳೆ ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗಾಗಿ ಸಾಮಾನ್ಯ ಅಂಗಡಿಗೆ ಹೋಗಿ ಅದು ಬೇಡ ಇದು ಬೇಡ ಅನ್ನುವ ಬದಲು, ಸಸ್ಯಾಹಾರಿ ಸೂಪನ್ನು ಬೇರೆಯಾಗಿಯೇ ಕಾಯಿಸುವ ಅಂಗಡಿ ಹುಡುಕಿಕೊಂಡು ಹೋಗಿ. ಬೋರ್ಡಿನಲ್ಲಿ "ವೀಗನ್" ಅಂತ ಇದ್ದರೆ ಮಾಂಸ, ಮೀನು, ಮೊಟ್ಟೆಯ ಜೊತೆ ಹಾಲು ಬೆಣ್ಣೆಯೂ ಇರುವುದಿಲ್ಲ. ನಮ್ಮ ಸಸ್ಯಾಹಾರಕ್ಕಿಂತ ಅದು ಒಂದು ಹೆಜ್ಜೆ ಬಿಗಿ.

ಒಂದು ಬಟ್ಟಲಲ್ಲಿ ಏನೇನು ಇರುತ್ತೆ?

ಐದು ಭಾಗ ಅಂತ ಇಟ್ಟುಕೊಳ್ಳಿ. ಬಟ್ಟಲ ತಳಕ್ಕೆ ಮೊದಲು ಬೀಳುವುದು "ತಾರೆ". ಸೋಯಾ ಸಾಸ್, ಉಪ್ಪು ಅಥವಾ ಮಿಸೊದಿಂದ (ಹುಳಿ ಬರಿಸಿದ ಸೋಯಾಕಾಳಿನ ಪೇಸ್ಟು) ಮಾಡಿದ ಗಟ್ಟಿ ಮಸಾಲೆ ಇದು. ಉಪ್ಪೆಲ್ಲ ಇದರಿಂದಲೇ ಬರುತ್ತದೆ. ಅದರ ಮೇಲೆ ಘಮಕ್ಕೆ ಒಂದು ಚಮಚ ಎಣ್ಣೆ ಅಥವಾ ಕೊಬ್ಬು. ಆಮೇಲೆ ಬಿಸಿ ಸೂಪು, ನೂಡಲ್ಸ್, ಕೊನೆಗೆ ಮೇಲಲಂಕಾರ.

ಕೌಂಟರಿನಲ್ಲಿ ಕೂತರೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ನೋಡಲು ಮಜವಾಗಿರುತ್ತದೆ. ಉದ್ದ ಹಿಡಿಯ ಆಳವಾದ ಜರಡಿಯಲ್ಲಿ ನೂಡಲ್ಸ್ ಬೇಯುತ್ತಿರುತ್ತದೆ. ಗಂಟೆ ಹೊಡೆದ ತಕ್ಷಣ ಅಡುಗೆಯವರು ಜರಡಿ ಎತ್ತಿ ಜೋರಾಗಿ ಕೆಳಕ್ಕೆ ಝಾಡಿಸುತ್ತಾರೆ, ಪಟ್ ಪಟ್ ಅಂತ ನೀರೆಲ್ಲ ಸಿಡಿದು ಹೋಗುತ್ತದೆ. ನೀರು ಉಳಿದರೆ ಸೂಪು ತೆಳ್ಳಗಾಗುತ್ತದೆ ಅಂತ ಅಷ್ಟು ಜೋರು. ನೂಡಲ್ಸ್ ಬಟ್ಟಲಿಗೆ ಇಳಿದ ಮೇಲೆ ಚಾಪ್‌ಸ್ಟಿಕ್ಕಿನಿಂದ ಒಮ್ಮೆ ಮೇಲಕ್ಕೆತ್ತಿ, ತಲೆ ಬಾಚಿದ ಹಾಗೆ ಎಳೆ ಎಳೆಯಾಗಿ ಮಡಚಿ ಮಲಗಿಸುತ್ತಾರೆ.

ಮೇಲೆ ಇಡುವುದರಲ್ಲಿ "ಚಾಶು" ಅಂದ್ರೆ ಹಂದಿ ಮಾಂಸದ ಬಿಲ್ಲೆ. "ಅಜಿತಾಮಾ" ಅಂದ್ರೆ ಸೋಯಾ ಸಾಸಿನಲ್ಲಿ ನೆನೆಸಿದ ಮೊಟ್ಟೆ, ಒಳಗೆ ಹಳದಿ ಭಾಗ ಅರೆಬೆಂದಿರುತ್ತದೆ. "ಮೆನ್ಮಾ" ಅಂದ್ರೆ ಹುಳಿ ಬರಿಸಿದ ಕಳಲೆ, ಮಲೆನಾಡಿನವರು ಬಾಯಿಗಿಟ್ಟ ತಕ್ಷಣ ಗುರುತು ಹಿಡಿಯುತ್ತಾರೆ. ಬಿಳಿ ಬಿಲ್ಲೆಯ ಮೇಲೆ ಗುಲಾಬಿ ಸುರುಳಿ ಕಂಡರೆ ಅದು "ನಾರುತೊ". ಬೊಂಬಾಟಾಗಿ ಕಾಣುತ್ತದೆ, ಆದರೆ ಮೀನಿನಿಂದ ಮಾಡಿದ್ದು.

ಶೋಯು, ಶಿಯೊ, ಮಿಸೊ, ತೊಂಕೊತ್ಸು: ಯಾವುದು ಏನು?

ಶೋಯು ಸೋಯಾ ಸಾಸಿನದ್ದು. ಕಂದು ಬಣ್ಣ, ತಿಳಿ ಸೂಪು. ಟೋಕಿಯೊದ ಹಳೇ ರುಚಿ ಅಂದ್ರೆ ಇದು. 1910ರಲ್ಲಿ ಅಸಾಕುಸಾದಲ್ಲಿ ಶುರುವಾದ ರೈರೈಕೆನ್ ಎಂಬ ಅಂಗಡಿಯನ್ನು ರಾಮೆನ್ ಜನಪ್ರಿಯ ಮಾಡಿದ ಮೊದಲಿಗರಲ್ಲಿ ಒಂದು ಅಂತ ಹೇಳುತ್ತಾರೆ. ಶಿಯೊ ಬರೀ ಉಪ್ಪಿನದ್ದು, ಹಗುರ. ಮಿಸೊ ಉತ್ತರದ ಸಪ್ಪೊರೊ ಊರಿನದ್ದು. ಅಲ್ಲಿ ಚಳಿ ಜಾಸ್ತಿ, ಸೂಪೂ ಮಂದ.

ತೊಂಕೊತ್ಸು ಅಂದ್ರೆ ಹಂದಿ ಮೂಳೆಯ ಸೂಪು. ದಕ್ಷಿಣದ ಕ್ಯೂಶು ದ್ವೀಪದ್ದು. 1937ರಲ್ಲಿ ಕುರುಮೆ ಎಂಬ ಊರಿನ ಒಂದು ಗಾಡಿಯಲ್ಲಿ ಹುಟ್ಟಿತು ಅಂತಾರೆ. ಪಕ್ಕದ ಫುಕುವೊಕಾದ ಹಕಾಟ ಇದಕ್ಕೆ ಹೆಸರುವಾಸಿ. ಮೂಳೆಯನ್ನು ಜೋರು ಉರಿಯಲ್ಲಿ ಕುದಿಸಿ ಕುದಿಸಿ ಸೂಪು ಹಾಲಿನಂತೆ ಬೆಳ್ಳಗಾಗುತ್ತದೆ. ಹಾಲು ಹಾಕಿರಬೇಕು ಅಂದುಕೊಂಡು ಸಸ್ಯಾಹಾರಿಗಳು ಹೋಗಿ ಕೂರಬೇಡಿ. ಆ ಅಂಗಡಿಗಳ ವಾಸನೆ ಬೀದಿಗೇ ಹೊಡೆಯುತ್ತದೆ, ಅದೇ ಒಂದು ಗುರುತು. ಮಾಂಸ ತಿನ್ನುವವರು ಮಾತ್ರ ಇದನ್ನು ಬಿಡಬಾರದು. ಪಂದಿ ಕರಿ ತಿಂದು ಬೆಳೆದ ಕೊಡಗಿನವರಿಗಂತೂ ನಾನು ಹೇಳಬೇಕಾಗಿಯೇ ಇಲ್ಲ.

"ಚೂಕಾ ಸೋಬಾ" ಅಂತ ಬೋರ್ಡು ಕಂಡರೆ ಅದೂ ರಾಮೆನ್ನೇ.

ಮಿಸೊ ಸೋಯಾಕಾಳಿನದ್ದಲ್ವಾ? ತರಕಾರಿ ರಾಮೆನ್ ಅಂತಲೂ ಇದೆಯಲ್ಲ, ಅದನ್ನು ತಿನ್ನಬಹುದಾ?

ಮಿಸೊ ಸೋಯಾದ್ದು ಹೌದು, ಆದರೆ ಅದು ಬೆರೆಯುವುದು ಮೂಳೆ ಸೂಪಿಗೆ. ಸಪ್ಪೊರೊ ಕಡೆ ತರಕಾರಿಯನ್ನು ಹಂದಿ ಕೊಬ್ಬಿನಲ್ಲೇ ಹುರಿಯುವುದು ವಾಡಿಕೆ. "ಯಾಸಾಯಿ ರಾಮೆನ್" ಅಂದ್ರೆ ತರಕಾರಿ ರಾಮೆನ್ ಹೌದು, ಮೇಲೆ ಗುಡ್ಡದಂತೆ ಕೋಸು, ಮೊಳಕೆ ಇರುತ್ತದೆ, ಕೆಳಗೆ ಅದೇ ಸೂಪು. ಹೆಸರು ನೋಡಿ ಮೋಸ ಹೋಗಬೇಡಿ.

ಸಸ್ಯಾಹಾರಿ ಸೂಪು ಸಪ್ಪೆ ಇರಲ್ವಾ?

ಚೆನ್ನಾಗಿ ಮಾಡುವ ಕಡೆ ಖಂಡಿತ ಇಲ್ಲ.

ಮೂಳೆ ಇಲ್ಲದೆಯೂ ರುಚಿ ತೆಗೆಯುವ ಕಲೆ ಜಪಾನಿಗೆ ಹೊಸದಲ್ಲ. ಬೌದ್ಧ ಮಠಗಳಲ್ಲಿ "ಶೋಜಿನ್ ರ್ಯೋರಿ" ಎಂಬ ಮಾಂಸವಿಲ್ಲದ ಅಡುಗೆ ನೂರಾರು ವರ್ಷಗಳಿಂದ ನಡೆದುಬಂದಿದೆ. ಅದರ ಬೆನ್ನೆಲುಬು ಎರಡು: ಕೊಂಬು ಎಂಬ ಒಣಗಿಸಿದ ಕಡಲಪಾಚಿ, ಮತ್ತು ಒಣಗಿಸಿದ ಶೀಟಾಕೆ ಅಣಬೆ. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಯೆ ಇದೇ ಕೊಂಬಿನಿಂದ ಗ್ಲುಟಮೇಟ್ ಎಂಬ ರುಚಿ ಕೊಡುವ ಅಂಶವನ್ನು ಬೇರ್ಪಡಿಸಿ, ಆ ರುಚಿಗೆ "ಉಮಾಮಿ" ಅಂತ ಹೆಸರಿಟ್ಟರು. ಒಣ ಶೀಟಾಕೆಯಲ್ಲಿರುವುದು ಗ್ವಾನಿಲೇಟ್ ಎಂಬ ಅಂಥದ್ದೇ ಇನ್ನೊಂದು ಅಂಶ. ಇವೆರಡೂ ಒಂದೇ ಪಾತ್ರೆಯಲ್ಲಿ ಸೇರಿದರೆ ರುಚಿ ಎರಡರ ಮೊತ್ತಕ್ಕಿಂತ ಎಷ್ಟೋ ಪಾಲು ಜಾಸ್ತಿಯಾಗುತ್ತದೆ.

ರುಚಿ ಸಿಕ್ಕಿತು, ಇನ್ನು ಬೇಕಾಗಿರುವುದು ಜಿಡ್ಡು ಮತ್ತು ಮಂದ. ಅದಕ್ಕೆ ಎಳ್ಳಿನ ಪೇಸ್ಟು, ಸೋಯಾ ಹಾಲು ಹಾಕುತ್ತಾರೆ. ಸೋಯಾ ಹಾಲನ್ನು ಬಿಸಿ ಮಾಡುತ್ತಾರೆ, ಕುದಿಯಲು ಬಿಡುವುದಿಲ್ಲ. ಕುದಿದರೆ ಒಡೆಯುತ್ತದೆ. ಮೇಲೆ ಮೆಣಸಿನ ಎಣ್ಣೆ ತೇಲಿಸಿದರೆ ಅದು "ತಾನ್‌ತಾನ್‌ಮೆನ್" ಶೈಲಿ. ಇದರ ಮೂಲ ಚೀನಾದ ಸಿಚುವಾನ್. 1950ರ ದಶಕದಲ್ಲಿ ಜಪಾನಿಗೆ ಬಂದ ಚೆನ್ ಕೆನ್ಮಿನ್ ಎಂಬ ಬಾಣಸಿಗರು ಜಪಾನಿಗಳ ನಾಲಿಗೆಗೆ ಒಗ್ಗುವಂತೆ ಸೂಪು ಹೆಚ್ಚಿಸಿ ಬದಲಾಯಿಸಿದರು. ಅವರದ್ದರಲ್ಲಿ ಹಂದಿ ಕೈಮಾ ಇರುತ್ತಿತ್ತು. ವೀಗನ್ ಅಂಗಡಿಗಳಲ್ಲಿ ಆ ಜಾಗಕ್ಕೆ ಸೋಯಾ ಚೂರು ಬಂದಿದೆ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ನಾಲಿಗೆಗೆ ಮೊದಲ ಬಾರಿ ಹಿಡಿಸುವುದು ಈ ಎಳ್ಳಿನ ತಾನ್‌ತಾನ್. ತಿಳಿ ಶಿಯೊ ಸೂಪಿನ ವೀಗನ್ ರಾಮೆನ್ ಅನ್ನು ಮೊದಲೇ ತೆಗೆದುಕೊಂಡರೆ "ಇಷ್ಟೇನಾ?" ಅನ್ನಿಸುವ ಸಾಧ್ಯತೆ ಇದೆ. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಟೋಕಿಯೊದಲ್ಲಿ ಎಲ್ಲಿಗೆ ಹೋಗಲಿ?

ಪೂರ್ತಿ ಸಸ್ಯಾಹಾರಿ ಬೇಕು ಅಂದ್ರೆ ಟೋಕಿಯೊ ಸ್ಟೇಷನ್ನಿನ ಟೀಸ್ ತಾನ್‌ತಾನ್. ಅಡುಗೆಮನೆಯೇ ವೀಗನ್, ಹಾಗಾಗಿ ಏನನ್ನೂ ವಿಚಾರಿಸದೆ ತಿನ್ನಬಹುದು. ಬಿಳಿ ಎಳ್ಳು, ಕಪ್ಪು ಎಳ್ಳು ಎರಡರದ್ದೂ ತಾನ್‌ತಾನ್ ಮಾಡುತ್ತಾರೆ.

ಒಂದು ವಿಷಯ ಗೊತ್ತಿರಲಿ. ಈ ಅಂಗಡಿ ಕೆಯಿಯೊ ಸ್ಟ್ರೀಟ್ ಎಂಬ ಸಾಲಿನಲ್ಲಿ, ಜೆಆರ್ ರೈಲು ಕಂಪನಿಯ ಟಿಕೆಟ್ ಗೇಟಿನ ಒಳಗಿದೆ. ರೈಲು ಹತ್ತಲು ಅಥವಾ ಬದಲಿಸಲು ಬಂದವರಿಗೆ ತೊಂದರೆ ಇಲ್ಲ. ಬರೀ ಊಟಕ್ಕೆ ಹೋಗುವವರು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಳ್ಳಬೇಕು, ಸುಮಾರು 150 ಯೆನ್. ಸುಯಿಕಾ ಎಂಬ ರೈಲಿನ ಪ್ರೀಪೇಯ್ಡ್ ಕಾರ್ಡು ಇದ್ದರೆ ಅದನ್ನೇ ತಾಗಿಸಿ ಒಳಗೆ ಹೋಗಬಹುದು, ಅದೇ ಸ್ಟೇಷನ್ನಿನ ಗೇಟಿನಿಂದ ವಾಪಸ್ ಬಂದಾಗ ಅಷ್ಟೇ ಹಣ ಕಡಿತವಾಗುತ್ತದೆ. ಎರಡು ಗಂಟೆಯ ಮಿತಿ ಇದೆ. ಊಟಕ್ಕೆ ಧಾರಾಳ ಸಾಕು.

ತೊಯೊಸುವಿನ ಟೀಮ್‌ಲ್ಯಾಬ್ ಪ್ಲಾನೆಟ್ಸ್ ಎಂಬ ಡಿಜಿಟಲ್ ಕಲಾ ಪ್ರದರ್ಶನ ನೋಡಲು ಹೋಗುವವರಿಗೆ ಅಲ್ಲೇ ಉಝು ಎಂಬ ವೀಗನ್ ರಾಮೆನ್ ಅಂಗಡಿ ಇದೆ. ಇದರ ಮೂಲ ಅಂಗಡಿ ಕ್ಯೋಟೊದಲ್ಲಿ. ಬೆಲೆ ಉಳಿದ ಕಡೆಗಿಂತ ಜಾಸ್ತಿ, ನೋಟವೂ ಸೊಗಸು.

ಅಂಗಡಿಗಳು ಮುಚ್ಚುವುದು, ಮೆನು ಬದಲಾಗುವುದು ಅಲ್ಲಿ ಮಾಮೂಲು. ಹೊರಡುವ ಹಿಂದಿನ ದಿನ ಗೂಗಲ್ ಮ್ಯಾಪಿನಲ್ಲೋ, ಸಸ್ಯಾಹಾರಿ ಹೋಟೆಲ್ ಹುಡುಕಿಕೊಡುವ ಹ್ಯಾಪಿಕೌ ಆ್ಯಪಿನಲ್ಲೋ ಹೊಸ ಫೋಟೊಗಳನ್ನು ನೋಡಿಕೊಳ್ಳಿ.

ಗುಂಪಲ್ಲಿ ಅರ್ಧ ಜನ ಮಾಂಸ ತಿನ್ನುತ್ತಾರೆ, ಅರ್ಧ ಜನ ಇಲ್ಲ. ಒಂದೇ ಕಡೆ ಊಟ ಆಗುತ್ತಾ?

ಆಗುತ್ತದೆ. 2003ರಲ್ಲಿ ಟೋಕಿಯೊದ ಎಬಿಸುವಿನಲ್ಲಿ ಶುರುವಾದ ಅಫುರಿ ಇದಕ್ಕೆ ಒಳ್ಳೆ ಉದಾಹರಣೆ. ಅವರ ಹೆಸರಾದ ಬಟ್ಟಲು ಯುಝು ಶಿಯೊ. ಯುಝು ಒಂದು ಜಾತಿ ನಿಂಬೆ, ಸಿಪ್ಪೆಯ ಘಮ ಇಡೀ ಬಟ್ಟಲಿಗೆ ಹಬ್ಬಿರುತ್ತದೆ. ಸೂಪು ಕೋಳಿಯದ್ದು, ಮೇಲೆ ಕೆಂಡದಲ್ಲಿ ಸುಟ್ಟ ಹಂದಿ ಬಿಲ್ಲೆ. ಅದರ ಪಕ್ಕದಲ್ಲೇ ತರಕಾರಿ ತುಂಬಿದ ವೀಗನ್ ರಾಮೆನ್ನೂ ಕೊಡುತ್ತಾರೆ, ಅದರ ನೂಡಲ್ಸಿಗೆ ತಾವರೆ ಗೆಡ್ಡೆ ಸೇರಿಸಿರುತ್ತಾರೆ. ಎಲ್ಲ ಶಾಖೆಯಲ್ಲೂ ಎಲ್ಲ ಕಾಲದಲ್ಲೂ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ಮೊದಲೇ ನೋಡಿಕೊಳ್ಳಿ.

ನಾಲ್ಕಕ್ಕಿಂತ ಜಾಸ್ತಿ ಜನ ಇದ್ದರೆ ಒಟ್ಟಿಗೆ ಕೂರುವ ಆಸೆ ಬಿಡಿ. ಕೌಂಟರಿನಲ್ಲಿ ಖಾಲಿಯಾದ ಕಡೆ ಒಬ್ಬೊಬ್ಬರೇ ಕೂರುವುದು ಅಲ್ಲಿನ ರೂಢಿ.

ಎರಡೂ ಮಾಡುವ ಅಂಗಡಿಯಲ್ಲಿ ಪಾತ್ರೆ, ಸೌಟು ಬೇರೆ ಬೇರೆ ಇರುತ್ತಾ?

ಸೂಪಿನ ಪಾತ್ರೆ ಬೇರೆ ಇರಲೇಬೇಕು. ಆದರೆ ನೂಡಲ್ಸ್ ಬೇಯಿಸುವ ನೀರು ಎಲ್ಲರಿಗೂ ಒಂದೇ ಆಗಿರುವುದು ಸಾಮಾನ್ಯ. ಹಲಗೆ, ಚಾಕು ಕೂಡ ಹಾಗೇ. ಅಷ್ಟು ಮಡಿ ಬೇಕು ಅನ್ನುವವರು ಪೂರ್ತಿ ವೀಗನ್ ಅಂಗಡಿಗೇ ಹೋಗಿ. ಮನೆಯಲ್ಲಿ ಹಿರಿಯರನ್ನು ಕರೆದುಕೊಂಡು ಹೋಗುವಾಗಲಂತೂ ಅದೇ ವಾಸಿ. ಪಕ್ಕದವರ ಬಟ್ಟಲು ನೋಡಿ ಊಟ ಕೆಡುವುದೂ ತಪ್ಪುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಸಿಗುತ್ತಾ?

ಕಷ್ಟ. ವೀಗನ್ ರಾಮೆನ್‌ಗಳಲ್ಲೂ ಬೆಳ್ಳುಳ್ಳಿ, ಈರುಳ್ಳಿ ಜಾತಿಯ "ನೇಗಿ" ಹೆಚ್ಚಾಗಿ ಇರುತ್ತದೆ. ಕೇಳಬೇಕಾದ ಮಾತು "ಗೊಕುನ್ ನುಕಿ". ಗೊಕುನ್ ಅಂದ್ರೆ ಬೌದ್ಧ ಮಠಗಳು ಬಿಟ್ಟ ಐದು ಘಾಟಿನ ಗೆಡ್ಡೆ, ಸೊಪ್ಪುಗಳು. ನುಕಿ ಅಂದ್ರೆ ಅವು ಇಲ್ಲದೆ. ಈರುಳ್ಳಿ, ಬೆಳ್ಳುಳ್ಳಿ ಆ ಪಟ್ಟಿಯಲ್ಲಿವೆ. ವೀಗನ್ ಅಂಗಡಿಗಳಲ್ಲಿ ಇದು ಅರ್ಥವಾಗುವ ಸಾಧ್ಯತೆ ಇದೆ, ಉಳಿದ ಕಡೆ ಕಡಿಮೆ. ಜೈನರು ಮತ್ತು ಚಾತುರ್ಮಾಸ್ಯ ಪಾಲಿಸುವವರು ರಾಮೆನ್ ಬಿಟ್ಟು ಶೋಜಿನ್ ರ್ಯೋರಿ ಊಟಕ್ಕೆ ಹೋಗುವುದೇ ಒಳ್ಳೆಯದು.

ಕೋಳಿ ತಿನ್ನುತ್ತೇನೆ. ಹಂದಿ, ದನ ಬೇಡ.

"ತೊರಿ ಪಾಯ್ತಾನ್" ಹುಡುಕಿ. ಕೋಳಿ ಮೂಳೆಯನ್ನು ಕುದಿಸಿ ಬೆಳ್ಳಗೆ ಮಾಡಿದ ಸೂಪು ಇದು. ಆದರೆ ಮೇಲೆ ಹಂದಿ ಬಿಲ್ಲೆ ಇಡುವವರಿದ್ದಾರೆ, ಎಣ್ಣೆಯ ಬದಲು ಹಂದಿ ಕೊಬ್ಬು ಹಾಕುವವರೂ ಇದ್ದಾರೆ. ಕೇಳಿಯೇ ತಿನ್ನಿ: ಹಂದಿಗೆ "ಬುತಾ", ಕೋಳಿಗೆ "ತೊರಿ", ದನಕ್ಕೆ "ಗ್ಯೂ". ತಲೆನೋವೇ ಬೇಡ ಅನ್ನುವವರಿಗೆ ಅಸಾಕುಸಾದ ನಾರಿತಾಯಾದಂಥ ಹಲಾಲ್ ರಾಮೆನ್ ಅಂಗಡಿಗಳಿವೆ. ಅಲ್ಲಿ ಹಂದಿಯ ಸುಳಿವೇ ಇರುವುದಿಲ್ಲ. ಇಚಿರಾನ್ ಕಂಪನಿಯ ನಿಶಿ ಶಿಂಜುಕು ಶಾಖೆಯೂ ಹಂದಿ ಬಳಸದ್ದು. ಅದೇ ಕಂಪನಿಯ ಉಳಿದ ಶಾಖೆಗಳು ಹಂದಿ ಮೂಳೆಗೇ ಹೆಸರಾದವು, ಅದಲು ಬದಲು ಮಾಡಿಕೊಳ್ಳಬೇಡಿ.

ದನದ ಮೂಳೆಯ ಸೂಪು ಪಶ್ಚಿಮದ ತೊತ್ತೊರಿ ಕಡೆಯ ವಿಶೇಷ. ಅದನ್ನು "ಗ್ಯೂಕೊತ್ಸು" ಅಂತಾರೆ.

ಬಾಗಿಲಲ್ಲೇ ಒಂದು ಮಷಿನ್ ಇರುತ್ತಂತೆ. ಅದನ್ನು ಏನು ಮಾಡೋದು?

ನಮ್ಮ ದರ್ಶಿನಿಯಲ್ಲಿ ಮೊದಲು ಟೋಕನ್ ತಗೊಂಡು ಆಮೇಲೆ ದೋಸೆ ಕೌಂಟರಿಗೆ ಹೋಗುವ ಹಾಗೆಯೇ, ಕ್ಯಾಷಿಯರ್ ಜಾಗದಲ್ಲಿ ಯಂತ್ರ ಇರುತ್ತದೆ ಅಷ್ಟೇ. ಮೊದಲು ದುಡ್ಡು ಹಾಕಿ, ಆಮೇಲೆ ಬಟನ್ ಒತ್ತಿ. ಚೀಟಿ ಬರುತ್ತದೆ, ಅದನ್ನು ಕೌಂಟರಿನವರ ಕೈಗೆ ಕೊಡಿ. ಚಿಲ್ಲರೆ ತಾನಾಗಿ ಬರದಿದ್ದರೆ ಪಕ್ಕದ ಸನ್ನೆ ತಿರುಗಿಸಬೇಕು.

ಬಟನ್ ಎಲ್ಲ ಜಪಾನಿಯಲ್ಲೇ ಇದ್ದರೆ ಮಾಂಸ ತಿನ್ನುವವರು ಎಡಗಡೆ ಮೇಲಿನ ಮೊದಲ ಬಟನ್ ಒತ್ತಬಹುದು. ಅಂಗಡಿಯ ಮುಖ್ಯ ಬಟ್ಟಲನ್ನು ಅಲ್ಲಿಡುವುದು ಪದ್ಧತಿ. ಸಸ್ಯಾಹಾರಿಗಳು ಈ ಜೂಜಿಗೆ ಕೈ ಹಾಕಬೇಡಿ, ಫೋನಿನ ಅನುವಾದದ ಕ್ಯಾಮೆರಾ ಹಿಡಿದು ಓದಿ.

ಕೈಯಲ್ಲಿ 1000 ಯೆನ್ ನೋಟು ಇರಲಿ. ಹಳೇ ಯಂತ್ರಗಳು 10,000ದ ನೋಟು ನುಂಗುವುದಿಲ್ಲ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದವು, ಯಂತ್ರ ಬದಲಿಸಲು ಖರ್ಚು ಜಾಸ್ತಿ ಅಂತ ಸಣ್ಣ ಅಂಗಡಿಯವರು ಹಳೆಯದನ್ನೇ ಇಟ್ಟುಕೊಂಡಿರುವುದುಂಟು. ಕಾರ್ಡು ನಡೆಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಬೈ ಟು ಕೊಡ್ತಾರಾ?

ಇಲ್ಲ. ತಲೆಗೊಂದು ಬಟ್ಟಲು ಅನ್ನುವುದು ಹೆಚ್ಚು ಕಡಿಮೆ ಎಲ್ಲ ಕಡೆಯ ನಿಯಮ, ಕೆಲವರು ಬೋರ್ಡನ್ನೇ ಹಾಕಿರುತ್ತಾರೆ. ಬಟ್ಟಲು ಬದಲಿಸಿಕೊಂಡು ರುಚಿ ನೋಡುವುದನ್ನು ಯಾರೂ ಬೇಡ ಅನ್ನುವುದಿಲ್ಲ. ನಾಲ್ಕಾರು ಬಗೆ ರುಚಿ ನೋಡಲೇಬೇಕು ಅನ್ನುವ ಆಸೆ ಇದ್ದರೆ 1994ರಲ್ಲಿ ತೆರೆದ ಶಿನ್ ಯೊಕೊಹಾಮಾ ರಾಮೆನ್ ಮ್ಯೂಸಿಯಮ್ಮಿಗೆ ಹೋಗಿ. ಬೇರೆ ಬೇರೆ ಊರಿನ ಅಂಗಡಿಗಳು ಅಲ್ಲಿ ಒಂದೇ ಸೂರಿನಡಿ ಇವೆ, ಚಿಕ್ಕ ಬಟ್ಟಲಲ್ಲಿ ಕೊಡುತ್ತಾರೆ.

ಸೊರ್ ಸೊರ್ ಅಂತ ಸದ್ದು ಮಾಡಿ ತಿನ್ನಲೇಬೇಕಾ?

ಮಾಡಬಹುದು, ಮಾಡದಿದ್ದರೂ ನಡೆಯುತ್ತದೆ. ಕುದಿಯುವ ಬಿಸಿಯ ನೂಡಲ್ಸನ್ನು ಗಾಳಿಯ ಜೊತೆ ಎಳೆದುಕೊಂಡರೆ ಬಾಯಿ ಸುಡುವುದಿಲ್ಲ. ರಸಂ ಸುರಿದುಕೊಂಡು ಉಣ್ಣುವ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಅದಕ್ಕಿಂತ ಮುಖ್ಯ, ಬೇಗ ತಿನ್ನುವುದು. ಬಟ್ಟಲು ಬಂದ ಮೇಲೆ ಹತ್ತು ನಿಮಿಷ ಫೋಟೊ ತೆಗೆಯುತ್ತಾ ಕೂತರೆ ನೂಡಲ್ಸ್ ಉಬ್ಬಿ ಮೆತ್ತಗಾಗುತ್ತದೆ. ತಿಂದಾದ ಮೇಲೆ ಹರಟೆಗೆ ಕೂರುವ ಜಾಗವೂ ಅಲ್ಲ ಅದು. ಬಟ್ಟಲನ್ನು ಕೌಂಟರಿನ ಮೇಲ್ಕಟ್ಟೆಗೆ ಎತ್ತಿಟ್ಟು, ಮುಂದಿನ ಜಾಗ ಒರೆಸಿ, "ಗೊಚಿಸೊಸಾಮಾ ದೆಶ್ತಾ" (ಊಟಕ್ಕೆ ಧನ್ಯವಾದ) ಅಂತ ಹೇಳಿ ಎದ್ದರೆ ಅಡುಗೆಯವರು ಒಲೆ ಮುಂದಿಂದಲೇ ತಲೆಬಾಗುತ್ತಾರೆ.

ನೂಡಲ್ಸ್ ಹೇಗೆ ಬೇಕು ಅಂತ ಕೇಳಿದರೆ?

ಹಕಾಟ ಶೈಲಿಯ ಅಂಗಡಿಯಲ್ಲಿ ಕೇಳುತ್ತಾರೆ. "ಕಾತಾ" ಅಂದ್ರೆ ಗಟ್ಟಿ, "ಫುತ್ಸು" ಮಾಮೂಲು, "ಯಾವಾ" ಮೆತ್ತಗೆ. ಅಲ್ಲಿ ಸೂಪು ಉಳಿಸಿಕೊಂಡು "ಕಾಯೆದಾಮಾ" ಅಂದರೆ ಇನ್ನೊಂದು ಸುತ್ತು ನೂಡಲ್ಸ್ ತಂದು ಹಾಕುತ್ತಾರೆ, ಸ್ವಲ್ಪ ಹಣಕ್ಕೆ.

ಸಸ್ಯಾಹಾರಿಗಳಿಗೆ ಒಂದು ಮಾತು: ನೂಡಲ್ಸಿನ ಹಳದಿ ಬಣ್ಣ ನೋಡಿ ಮೊಟ್ಟೆ ಅಂತ ತೀರ್ಮಾನಿಸಬೇಡಿ. ಗೋಧಿ ಹಿಟ್ಟಿಗೆ "ಕಾನ್ಸುಯಿ" ಎಂಬ ಕ್ಷಾರದ ನೀರು ಸೇರಿಸುವುದರಿಂದಲೂ ಆ ಬಣ್ಣ, ಆ ಎಳೆತ ಬರುತ್ತದೆ. ಮೊಟ್ಟೆ ಹಾಕುವವರೂ ಇದ್ದಾರೆ, ಕೇಳುವುದು ಕ್ಷೇಮ.

ಗೋಧಿ ಆಗಲ್ಲ, ಅಥವಾ ಬೇರೆ ಅಲರ್ಜಿ ಇದೆ. ಏನು ಮಾಡಲಿ?

ನೂಡಲ್ಸ್ ಗೋಧಿಯದ್ದು, ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ. ಗೋಧಿ ಬಿಟ್ಟವರಿಗೆ ಸಾಮಾನ್ಯ ಅಂಗಡಿ ಆಗಿಬರುವುದಿಲ್ಲ. ಎಳ್ಳು, ಕಡಲೆಕಾಯಿ ಅಲರ್ಜಿ ಇರುವವರು ತಾನ್‌ತಾನ್ ಮುಟ್ಟುವ ಮೊದಲು ವಿಚಾರಿಸಿ. ಅಲರ್ಜಿ ಪದಾರ್ಥಗಳನ್ನು ನಮೂದಿಸಲೇಬೇಕು ಎಂಬ ಜಪಾನಿನ ಕಾನೂನು ಇರುವುದು ಪ್ಯಾಕೆಟ್ ಆಹಾರಕ್ಕೆ, ಹೋಟೆಲಿನ ಬಟ್ಟಲಿಗಲ್ಲ. ಹೀಗಾಗಿ ಜಪಾನಿಯಲ್ಲಿ ಬರೆದ ಚೀಟಿ ಜೇಬಲ್ಲಿರಲಿ.

ಸೂಪು ಪೂರ್ತಿ ಕುಡಿಯಬೇಕಾ?

ಬೇಡ. ಪೂರ್ತಿ ಕುಡಿದರೆ ಒಂದೇ ಬಟ್ಟಲಲ್ಲಿ 5 ಗ್ರಾಂಗಿಂತ ಜಾಸ್ತಿ ಉಪ್ಪು ಹೊಟ್ಟೆಗೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂ ಒಳಗೆ. ವೀಗನ್ ಸೂಪೂ ಇದಕ್ಕೆ ಹೊರತಲ್ಲ. ಬಿಪಿ ಇರುವವರು ನೂಡಲ್ಸ್ ತಿಂದು ಸೂಪು ಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಎಷ್ಟು ಖರ್ಚಾಗುತ್ತೆ? ಟಿಪ್ಸ್?

ಸುಮಾರು 900ರಿಂದ 1400 ಯೆನ್. 1000 ಯೆನ್ ಅಂದ್ರೆ ಹತ್ತಿರ ಹತ್ತಿರ 550ರಿಂದ 600 ರೂಪಾಯಿ. ನೀರು ಉಚಿತ. ಟಿಪ್ಸ್ ಕೊಡಬೇಡಿ, ಮೇಜಿನ ಮೇಲೆ ಬಿಟ್ಟು ಬಂದರೆ ಮರೆತಿರಿ ಅಂತ ಹಿಂದೆ ಓಡಿ ಬರುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಮೇಜು ಕುರ್ಚಿ ಇರುವ ದೊಡ್ಡ ಅಂಗಡಿಗಳಿಗೆ ಧಾರಾಳವಾಗಿ. ಬರೀ ಎತ್ತರದ ಸ್ಟೂಲಿನ ಕೌಂಟರ್ ಇರುವ ಕಡೆ ಬೇಡ. ತಳ್ಳುಗಾಡಿ ಒಳಗೆ ಹೋಗುವಷ್ಟೂ ಜಾಗ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತು ಆಫೀಸಿನವರ ಸಾಲು, ಹನ್ನೊಂದಕ್ಕೆ ಬಾಗಿಲು ತೆರೆಯುವಾಗಲೇ ಹೋಗಿಬಿಡಿ.

ಒಂದೆರಡು ಜಪಾನಿ ಮಾತು ಹೇಳಿಕೊಡಿ.

"ವೀಗನ್ ರಾಮೆನ್ ಅರಿಮಾಸ್ ಕಾ?" ಅಂದ್ರೆ ವೀಗನ್ ರಾಮೆನ್ ಇದೆಯಾ. "ಸೂಪು ಮೊ ವೀಗನ್ ದೆಸ್ ಕಾ?" ಅಂದ್ರೆ ಸೂಪೂ ವೀಗನ್ನಾ. ಈ ಎರಡನೆಯದನ್ನು ಮರೆಯಬೇಡಿ. "ನಿಕು, ಸಾಕಾನಾ, ತಾಮಾಗೊ ವಾ ತಾಬೇಮಾಸೆನ್" ಅಂದ್ರೆ ಮಾಂಸ, ಮೀನು, ಮೊಟ್ಟೆ ತಿನ್ನಲ್ಲ.

ರಾತ್ರಿ ಹೋಟೆಲ್ ರೂಮಿಗೆ ಕಪ್ ನೂಡಲ್ಸ್ ತಗೊಂಡು ಹೋದರೆ?

ಸಸ್ಯಾಹಾರಿಗಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಡಿ. ಮೂಲೆ ಅಂಗಡಿಗಳಲ್ಲಿ ಸಿಗುವ ಕಪ್ಪುಗಳಲ್ಲಿ ಬಹುತೇಕ ಎಲ್ಲದರಲ್ಲೂ ಹಂದಿ, ಕೋಳಿ ಅಥವಾ ಮೀನಿನ ಸಾರ ಇರುತ್ತದೆ, ಹೊರಗಿನ ಚಿತ್ರದಲ್ಲಿ ಬರೀ ಜೋಳ, ಕೋಸು ಇದ್ದರೂ. ಸೂಪರ್ ಮಾರ್ಕೆಟ್ಟಿನಲ್ಲಿ "ವೀಗನ್" ಅಂತ ಬರೆದ ಕಪ್ಪು ಕಂಡರೆ ಎರಡು ಜಾಸ್ತಿಯೇ ಕೊಂಡು ಬ್ಯಾಗಿಗೆ ಹಾಕಿಕೊಳ್ಳಿ. ಬಿಸಿನೀರಿನ ಕೆಟಲ್ ಅಲ್ಲಿನ ಹೆಚ್ಚಿನ ಹೋಟೆಲ್ ರೂಮುಗಳಲ್ಲಿ ಇದ್ದೇ ಇರುತ್ತದೆ.